ಇಗ್ಲೂ ಅಲ್ಲ, ಚಾಕು ನೋಡಿ

ಕಾಡಿನ ನಡುವೆ ಯಾರೋ ಬರಿಗೈಯಲ್ಲಿ ಈಜುಕೊಳ ತೋಡುವ ವಿಡಿಯೊಗಳನ್ನು ರಾತ್ರಿಯೆಲ್ಲ ಬಾಯಿಬಿಟ್ಟುಕೊಂಡು ನೋಡುವ ಜನ, ಡಗ್ಲಸ್ ವಿಲ್ಕಿನ್ಸನ್ನರ ‘ಹೌ ಟು ಬಿಲ್ಡ್ ಆ್ಯನ್ ಇಗ್ಲೂ’ ಹಾಕಿದರೆ ಮೂರನೇ ನಿಮಿಷಕ್ಕೇ ಆಕಳಿಸುತ್ತಾರೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1949ರಲ್ಲಿ ಹೊರತಂದ, ಹತ್ತು ನಿಮಿಷದ ಚಿತ್ರ. ಇಬ್ಬರು ಇನುಯಿಟ್ ಗಂಡಸರು, ಚಾಕು, ಹಿಮ. ಒಂದೂವರೆ ಗಂಟೆಯಲ್ಲಿ ಮನೆ. ‘ಕಥೆ ಎಲ್ಲಿದೆ?’ ಅನ್ನುವವರು ಇಲ್ಲಿಂದಲೇ ಎದ್ದು ಹೋಗಬಹುದು.

ಕಥೆ ಇರುವುದು ಒಂದು ಕೊಯ್ತದಲ್ಲಿ. ಹಿಮದ ಇಟ್ಟಿಗೆಗಳ ಮೊದಲ ಸುತ್ತು ಕೂತಮೇಲೆ ಅದರ ಮೇಲಂಚನ್ನು ಓರೆಯಾಗಿ ಸವರುತ್ತಾರೆ: ನೆಲಮಟ್ಟದಿಂದ ಹೊರಟು ಮೆಲ್ಲಗೆ ಏರುವ ದಾರಿ. ಇನ್ನು ಮುಂದೆ ಗೋಡೆಗೆ ಸಾಲುಗಳೇ ಇಲ್ಲ. ಚಕ್ಕುಲಿಯ ಹಾಗೆ ಒಂದೇ ಎಳೆ ಸುತ್ತುತ್ತ, ಮೇಲೇರುತ್ತ, ಒಳಕ್ಕೆ ಬಾಗುತ್ತದೆ. ಮಟ್ಟಸವಾದ ಸಾಲುಗಳಾಗಿದ್ದರೆ, ಪ್ರತಿ ಸಾಲಿನ ಮೊದಲ ಇಟ್ಟಿಗೆ ಪಕ್ಕದಲ್ಲಿ ಆತುಕೊಳ್ಳಲು ಏನೂ ಇಲ್ಲದೆ ಒಳಗೆ ಉರುಳುತ್ತಿತ್ತು. ಸುರುಳಿಯಲ್ಲಿ ಹಾಗಲ್ಲ: ಕೆಳಗೊಂದು ಆಸರೆ, ಪಕ್ಕಕ್ಕೊಂದು ಆಸರೆ. ಅದಕ್ಕೇ ಗುಮ್ಮಟವೊಂದು ಸೆಂಟ್ರಿಂಗ್ ಇಲ್ಲದೆ ಎದ್ದು ನಿಲ್ಲುತ್ತದೆ. ಒಳಗೆ ನಿಂತು ಕಟ್ಟುವವನ ಕೈಯನ್ನೂ ಗಮನಿಸಿ. ಇಟ್ಟಿಗೆ ಕೂರಿಸುವ ಮೊದಲು ಅದರ ಅಂಚನ್ನು ಕೆತ್ತುವ ಆ ಕೈ ಅಳತೆಪಟ್ಟಿ ಕೇಳುವುದಿಲ್ಲ.

ನನಗಿದನ್ನು ತೋರಿಸಿಕೊಟ್ಟವರು ವಿಮರ್ಶಕರಲ್ಲ. ಕಾಲೇಜಿನ ಫಿಲ್ಮ್ ಕ್ಲಬ್ಬಿನ ಪ್ರದರ್ಶನ. ಪಕ್ಕದ ಕಟ್ಟಡದ ಗಾರೆ ಮೇಸ್ತ್ರಿ ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದರು. ಆ ಓರೆ ಕೊಯ್ತ ಬಂದಾಗ ಎದ್ದು ನಿಂತು, “ಅಗೋ, ಅಲ್ಲೇ ಮುಗೀತು ನೋಡಿ ಸ್ವಾಮಿ, ಇನ್ನು ಏರಿಸೋದಷ್ಟೇ” ಅಂದರು. ಮುಂದಿನ ಸಾಲಿನ ಮೇಷ್ಟ್ರುಗಳು ಚಿತ್ರ ಮುಗಿದಮೇಲೆ ಅರ್ಧ ಗಂಟೆ ಚಳಿಯ ಬಗ್ಗೆ ಮಾತಾಡಿದರು.

ಚಿತ್ರೋತ್ಸವದ ಮಂದಿಗೆ ಬೇಕಾದದ್ದು ಫ್ಲಾಹರ್ಟಿಯ ‘ನಾನೂಕ್ ಆಫ್ ದ ನಾರ್ತ್’ (1922). ಅದರಲ್ಲೂ ಇಗ್ಲೂ ಕಟ್ಟುತ್ತಾರೆ, ಮಂಜುಗಡ್ಡೆಯ ಕಿಟಕಿ ಕೂಡ ಇದೆ, ಸೊಗಸೇ. ಆದರೆ ಒಳಗಿನ ದೃಶ್ಯಕ್ಕೆ ಬೆಳಕು ಸಾಲದೆ ಅರ್ಧ ತೆರೆದ ಇಗ್ಲೂವನ್ನು ಕ್ಯಾಮೆರಾಕ್ಕೆಂದೇ ಕಟ್ಟಿಸಿದ್ದು. ನಾನೂಕನ ನಗು ನೋಡಿ ಕರಗುವವರು ಕರಗಲಿ.

ವಿಲ್ಕಿನ್ಸನ್ನರ ಚಿತ್ರದಲ್ಲಿ ಉಳಿದದ್ದು: ಜಾಗ ಆರಿಸುವುದು, ಬಾಗಿಲು, ಕ್ಯಾರಿಬೂ ಚರ್ಮದ ಹಾಸಿಗೆ. ಒಳಗಿನ ಬಿಸುಪು, ಹೊರಗಿನ ಗಾಳಿ ಸೇರಿ ಇಟ್ಟಿಗೆಗಳನ್ನು ಬೆಸೆಯುತ್ತವೆ ಎಂದು ವ್ಯಾಖ್ಯಾನಕಾರನೇ ಹೇಳುತ್ತಾನೆ. ಅವನು ಮೊದಲ ಸಲಕ್ಕೆ ಸಾಕು. ಎರಡನೇ ಸಲ ಧ್ವನಿ ಬಂದ್ ಮಾಡಿ, ಚಾಕುವಿನ ತುದಿಯಿಂದ ಕಣ್ಣು ಕೀಳದೆ ನೋಡಿ. ವೇಗ ಹೆಚ್ಚಿಸಿಕೊಂಡು ನೋಡಿದಿರೋ, ಆಮೇಲೆ ನನ್ನ ಹತ್ತಿರ ಚರ್ಚೆಗೆ ಬರಬೇಡಿ.