ತೊಗಲಿನ ಅತ್ತರು

ಹೋದ ದೀಪಾವಳಿಗೆ ಪ್ಯಾರಿಸ್ಸಿನಿಂದ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾಯಚೂರಿನ ನಮ್ಮ ಮನೆಗೆ ಬಂದು, ಹೆಬ್ಬೆರಳಿನಷ್ಟು ಗಾತ್ರದ ಸೀಸೆಯೊಂದನ್ನು ನನ್ನ ಕೈಯಲ್ಲಿಟ್ಟ. "ಅತ್ತರು ಸರ್, ತೊಗಲಿನ ಅತ್ತರು" ಎಂದ. ಕನ್ನಡ ಮೇಷ್ಟರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುವವರುಂಟು; ತೊಗಲಿನ ಅತ್ತರು ಕೊಟ್ಟವರನ್ನು ನಾನು ಅಂದಿನವರೆಗೆ ಕಂಡಿರಲಿಲ್ಲ. ಸೀಸೆಯ ಮೇಲಿದ್ದ ಹೆಸರು 'ಕ್ವಿರ್ ದ ರ್ಯೂಸಿ', ಎಂದರೆ ರಷ್ಯದ ತೊಗಲು. ಷನೆಲ್ ಎಂಬ ಹೆಸರಾಂತ ಮನೆತನದ ಅಂಗಡಿಗಾಗಿ ಅರ್ನೆಸ್ಟ್ ಬೋ ಎಂಬಾತ 1920ರ ದಶಕದಲ್ಲಿ ಕಟ್ಟಿದ ಪರಿಮಳ ಅದು. 'ಕಟ್ಟಿದ' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕಾವ್ಯಕ್ಕೆ ಮೀಸಲಾದ ಪುಟದಲ್ಲಿ ಸೀಸೆಯ ವಿಮರ್ಶೆಯೇ ಎಂದು ವಾಚಕರು ಹುಬ್ಬೇರಿಸುವ ಮೊದಲು ಒಂದು ಸಂಗತಿಯನ್ನು ಕೇಳಬೇಕು: ತೊಗಲಿನ ಈ ಅತ್ತರಿನಲ್ಲಿ ತೊಗಲೇ ಇಲ್ಲ.

ಹಿಂದೆ ರಷ್ಯದಲ್ಲಿ ತೊಗಲಿಗೆ ನೀರೂ ಹುಳುವೂ ತಾಗದಿರಲೆಂದು ಬರ್ಚ್ ಮರದ ತೊಗಟೆಯನ್ನು ಸುಟ್ಟು ಇಳಿಸಿದ ಎಣ್ಣೆಯನ್ನು ಸವರುತ್ತಿದ್ದರು. ಬರ್ಚ್ ಎಂದರೆ ನಮ್ಮ ಭೂರ್ಜದ ಬಳಗದ ಮರ. ಕಾಳಿದಾಸನ ಊರ್ವಶಿ ಪುರೂರವನಿಗೆ ಓಲೆ ಬರೆದದ್ದು ಆ ಭೂರ್ಜಪತ್ರದ ಮೇಲೆಯೇ. ಆ ತೊಗಟೆಯ ಹೊಗೆವಾಸನೆಯನ್ನು ಹೂವುಗಳ ನಡುವೆ ಇಟ್ಟು ಗಂಧಕಾರ ಸುಮ್ಮನಾಗುತ್ತಾನೆ. ಕುದುರೆ, ಜೀನು, ಬೂಟು ಎಲ್ಲವನ್ನೂ ಮೂಸಿದವನು ತಾನೇ ಕಲ್ಪಿಸಿಕೊಳ್ಳುತ್ತಾನೆ. ಹೇಳದೆಯೇ ಹೊಳೆಯಿಸುವ ಈ ಕೆಲಸಕ್ಕೆ ಆನಂದವರ್ಧನ ಇಟ್ಟ ಹೆಸರನ್ನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಧ್ವನಿಗೆ ಇಷ್ಟು ಸುಲಭವಾದ ಉದಾಹರಣೆ ನನಗೆ ಈ ತನಕ ಸಿಕ್ಕಿರಲಿಲ್ಲ.

ಇದರ ಹಿಂದಿನ ಕಥೆಯೂ ಸ್ವಾರಸ್ಯದ್ದು. ಫ್ರಾನ್ಸಿನ ಗ್ರಾಸ್ ಎಂಬ ಊರು ಇಂದು ಪರಿಮಳದ ರಾಜಧಾನಿ; ಮೊದಲು ಅದು ತೊಗಲು ಹದ ಮಾಡುವವರ ಊರು. ಶ್ರೀಮಂತರ ಕೈಗವಸುಗಳಿಂದ ತೊಗಲಿನ ನಾತ ಹೋಗಲೆಂದು ಅಲ್ಲಿಯವರು ಅವಕ್ಕೆ ಹೂವಿನ ಗಂಧ ಕೂಡಿಸಿದರು. ಬರಬರುತ್ತ ತೊಗಲು ಹಿಂದಾಗಿ ಗಂಧವೇ ಊರಿನ ಕಸುಬಾಯಿತು. ನಾತವನ್ನು ಮುಚ್ಚಲು ಹುಟ್ಟಿದ ವಿದ್ಯೆ ಕೊನೆಗೆ ಅದೇ ತೊಗಲಿನ ಹೆಸರಿನಲ್ಲಿ ಅತ್ತರು ಮಾಡಿ ಮಾರಿತು.

ಇನ್ನು ಕೃತಿಯ ಮಾತು. ಮೊದಲ ಉಸಿರಿಗೆ ಕಿತ್ತಳೆ ಸಿಪ್ಪೆ ಹಿಂಡಿದಂತೆ ಒಂದು ಚುರುಕು. ಅದು ಬೇಗ ಹಾರಿಹೋಗುತ್ತದೆ. ಆಮೇಲೆ ಮಲ್ಲಿಗೆಯ ನೆನಪು ತರುವ ಹೂಗಂಪು. ಇದು ಸ್ವಲ್ಪ ದೀರ್ಘವಾಯಿತೆಂದೇ ನನ್ನ ಅಭಿಪ್ರಾಯ. ಗಂಟೆ ಕಳೆದ ಮೇಲೆ, ಮೈಯ ಬಿಸಿಗೆ, ಹೊಗೆ ಮೇಲೇಳುತ್ತದೆ. ನಾನು ಮಹಡಿಯ ಮೇಲೆ ಕೂತಿದ್ದೆ. ಕೋಟೆಯ ಕಡೆಯಿಂದ ಬಿಸಿಗಾಳಿ ಬರುತ್ತಿತ್ತು. ಮುಂಗೈಯನ್ನು ಮೂಗಿಗೆ ಹಿಡಿದವನಿಗೆ ರಷ್ಯದ ಕುದುರೆ ಸವಾರ ಬರಲಿಲ್ಲ. ಮಾನವಿಯಲ್ಲಿ ನಮ್ಮ ಮನೆಯ ಹಿಂದಿನ ದಾರಿಯ ಕೊನೆಗಿದ್ದ ಒಂದು ಅಂಗಳ ಬಂತು. ಅಲ್ಲಿ ಕಟ್ಟಿಗೆಯ ಕವಲಿಗೆ ತೂಗುಹಾಕಿದ್ದ, ಚೀಲದಂತೆ ಹೊಲಿದ ಒಂದು ಇಡೀ ತೊಗಲು ಬಂತು.

ಕಂಡಿಲ್ಲದವರಿಗೆ ಹೇಳಬೇಕು. ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ನೆನೆಹಾಕಿ, ಕೂದಲು ಹೆರೆದು, ತೊಳೆದ ಚರ್ಮವನ್ನು ಚೀಲವಾಗಿ ಹೊಲಿದು, ಒಳಗೆ ತಂಗಡಿಯ ತೊಗಟೆ ತುಂಬಿ ನೀರೆರೆದು ತೂಗುಹಾಕುತ್ತಾರೆ. ಒಗರು ನೀರು ತೊಟ್ಟು ತೊಟ್ಟಾಗಿ ಚರ್ಮದ ಮೂಲಕ ಇಳಿಯುತ್ತದೆ. ಇಳಿದದ್ದನ್ನು ಮತ್ತೆ ಒಳಗೆ ಹೊಯ್ಯುತ್ತಾರೆ. ಹಳದಿ ಹೂವಿನ ಆ ತಂಗಡಿ ನಮ್ಮ ಸೀಮೆಯ ಬೀಳುಗಳಲ್ಲಿ ಬೇಕಾದಷ್ಟು. ರಷ್ಯದವನಿಗೆ ಭೂರ್ಜ, ನಮಗೆ ತಂಗಡಿ. ತೊಗಲಿನ ವಾಸನೆ ಎಂದು ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಮರದ ವಾಸನೆಯೇ.

ಆ ಅಂಗಳದ ಮಗ ನನ್ನ ತರಗತಿಯವನು, ನನ್ನ ಬೆಂಚಿನವನು. ಒಂದು ಮಳೆಗಾಲದ ಬೆಳಿಗ್ಗೆ ನಾನು ಮೂಗು ಮುಚ್ಚಿಕೊಂಡು ಒಂದು ಮಾತಾಡಿದೆ. ಬೆಂಚಿನವರೆಲ್ಲ ನಕ್ಕರು. ಅವನು ಪಾಟಿಯನ್ನೆತ್ತಿಕೊಂಡು ಹಿಂದೆ ಹೋಗಿ ನೆಲದ ಮೇಲೆ ಕುಳಿತ. ಗುರುಗಳು ಯಾಕೆಂದು ಕೇಳಲಿಲ್ಲ. ವರ್ಷ ಮುಗಿಯುವವರೆಗೂ ಅವನು ಅಲ್ಲಿಯೇ ಕುಳಿತಿದ್ದ. ಮೂವತ್ತೈದು ವರ್ಷ ನನ್ನೊಳಗೆ ಎಲ್ಲಿತ್ತೋ ಏನೋ, ಒಂದು ಹನಿ ಅತ್ತರಿಗೆ ಅದು ಎದ್ದು ಬಂದಿತು.

ಫ್ರೆಂಚ್ ಕಾದಂಬರಿಕಾರ ಪ್ರೂಸ್ತ್ 1913ರಲ್ಲಿ ಚಹಾದಲ್ಲಿ ಅದ್ದಿದ ತಿಂಡಿಯ ಒಂದು ಚೂರಿನಿಂದ ಇಡೀ ಬಾಲ್ಯವನ್ನು ಎಬ್ಬಿಸಿದ್ದು ಜಗತ್ತಿಗೆಲ್ಲ ಗೊತ್ತು. ನಮ್ಮ ಪಂಪನ ಬನವಾಸಿಯ ನೆನಪೂ ಅಷ್ಟೇ ಪ್ರಸಿದ್ಧ. ಆದರೆ ಆ ಪದ್ಯವನ್ನು ಮತ್ತೊಮ್ಮೆ ತೆರೆದು ನೋಡಿ: ಗಾಳಿ ಸೋಕುತ್ತದೆ, ಹಾಡು ಕಿವಿಗೆ ಬೀಳುತ್ತದೆ, ಮಲ್ಲಿಗೆಯನ್ನೋ ಕವಿ 'ಕಾಣುತ್ತಾನೆ'. ಮೂಸುವುದಿಲ್ಲ! ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಇದು ಹೊಳೆದದ್ದು ಈಗ. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ಕೇಳಿ ಕಾರಣವಿಲ್ಲದೆ ಕಳವಳಗೊಳ್ಳುವ ದುಷ್ಯಂತನೂ ಕಣ್ಣು ಕಿವಿಗಳ ಮಾತನ್ನೇ ಆಡುತ್ತಾನೆ. ಆ ಶ್ಲೋಕವನ್ನು ಹಿಡಿದು ಚರ್ಚಿಸಿದ ಅಭಿನವಗುಪ್ತ ಸಹೃದಯನ ಎದೆಯಲ್ಲಿ ಮೊದಲೇ ಉಳಿದಿರುವ ಸಂಸ್ಕಾರವನ್ನು 'ವಾಸನೆ' ಎಂದು ಕರೆದ. ಕವಿಗಳು ಮೂಗನ್ನು ಮರೆತರೂ ಶಾಸ್ತ್ರಕಾರರ ಮಾತಿನಲ್ಲಿ ಅದು ಉಳಿಯಿತು. ಹೂವನ್ನು ತೆಗೆದ ಮೇಲೂ ಬುಟ್ಟಿಯಲ್ಲಿ ನಿಲ್ಲುವುದೂ ವಾಸನೆ, ಅನುಭವ ಕಳೆದ ಮೇಲೆ ಮನಸ್ಸಿನಲ್ಲಿ ನಿಲ್ಲುವುದೂ ವಾಸನೆ.

ನಮ್ಮ ನುಡಿಯಲ್ಲಿ ಕಂಪು, ಸೌರಭ, ಪರಿಮಳಗಳೆಲ್ಲ ಹೂವಿಗೆ, ದೇವರಿಗೆ. ನಾತ ದುಡಿಯುವವರಿಗೆ. ದಾಸರು ನಡೆದಾಡಿದ ನಾಡು ನಮ್ಮದು, ಮಾನವಿ ಜಗನ್ನಾಥದಾಸರ ಊರು. ತುಲಸಿ, ಗಂಧಗಳ ನಡುವೆ ಬೆಳೆದ ಹುಡುಗನಿಗೆ ಆ ಅಂಗಳದ ವಾಸನೆಯನ್ನು ಹೇಳಲು ಮನೆಯವರು ಕಲಿಸಿದ್ದು ಒಂದೇ ಮಾತು. ಬಸವಣ್ಣನವರಿಗಾಗಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಮಾಡಿದ ಕಥೆಯನ್ನು ನಾವು ಎಷ್ಟು ಸಲ ಕೇಳಿಲ್ಲ! ಭಕ್ತಿಯನ್ನು ಕೊಂಡಾಡಿದ್ದೇವೆ. ಆ ಮೆಟ್ಟನ್ನೂ ಹದ ಮಾಡಿರಬೇಕಲ್ಲವೇ, ಅಲ್ಲಿಯೂ ಒಂದು ಸುಣ್ಣದ ಗುಂಡಿ ಇದ್ದಿರಬೇಕಲ್ಲವೇ ಎಂದು ನಾನಂತೂ ಯಾವ ಉಪನ್ಯಾಸದಲ್ಲಿಯೂ ಕೇಳಿಲ್ಲ. ಬೋನ ಅತ್ತರಿನ ಕೊರತೆಯೂ ಇದೇ. ಕುಶಲಿ ಆತ, ಸಂಶಯವಿಲ್ಲ. ಆದರೆ ಅವನದು ಕೊಳ್ಳುವವನ ತೊಗಲು, ಹದ ಮಾಡುವವನ ತೊಗಲಲ್ಲ.

ಈ ತೀರ್ಪು ನನ್ನದಲ್ಲ, ಎರವಲು ತಂದದ್ದು. ಆ ಗೆಳೆಯ ಈಗ ದೇವದುರ್ಗದಲ್ಲಿ ಗುಮಾಸ್ತ. ವಿಚಾರಿಸಿಕೊಂಡು ಒಂದು ಭಾನುವಾರ ಸೀಸೆಯನ್ನು ಜೇಬಿಗಿಟ್ಟು ಹೋದೆ. ಅವನ ತಂದೆ ಕಟ್ಟೆಯ ಮೇಲೆ ಕುಳಿತಿದ್ದರು. ಕಸುಬು ಬಿಟ್ಟು ಬಹಳ ಕಾಲವಾಗಿದೆ, ಕಣ್ಣು ಮಂಜು. ಚಿಕ್ಕಂದಿನಲ್ಲಿ ನಮ್ಮ ಮನೆಯವರಂತೆ ನಾನೂ ಅವರನ್ನು ಹೆಸರು ಹಿಡಿದೇ ಕೂಗುತ್ತಿದ್ದೆ. ಅಂದು "ಕಾಕಾ" ಎಂದೆ, ನಾಲಿಗೆ ತಡವರಿಸಿತು. ಮುಂಗೈಗೆ ಒಂದು ಹನಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮೂಸಲು ಹೇಳಿದೆ.

ಮೂಸಿದರು. ಕೈ ತಿರುವಿ ಮತ್ತೆ ಮೂಸಿದರು. "ಹೊಗಿ ಐತಿ, ಹೂವು ಐತಿ. ಸುಣ್ಣ ಎಲ್ಲೈತಿ ತಮ್ಮಾ? ಹಸಿ ತೊಗಲು ಎಲ್ಲೈತಿ? ಇದು ಅಂಗಡ್ಯಾಗ ಇಟ್ಟಿದ್ದ ಜೋಡಿನ ವಾಸನಿ" ಎಂದರು. ಬೆಲೆ ಕೇಳಿದರು. ದೊಡ್ಡ ಸೀಸೆಯ ಬೆಲೆಯನ್ನು ಹೇಳಿದೆ. ಬಹಳ ಹೊತ್ತು ನಕ್ಕರು.

ಪದವಿ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಸೀಸೆಯನ್ನು ಇಸಿದುಕೊಂಡು ತಾನೂ ಹಚ್ಚಿಕೊಂಡಳು. ಅವಳಿಗೆ ಹೊಸ ಕಾರಿನ ಸೀಟಿನ ವಾಸನೆ ಬಂತಂತೆ. "ನನಗ ಇರಲಿ ಬಿಡ್ರಿ ಸರ್" ಎಂದಳು. ಕೊಟ್ಟೆ.

ಗೆಳೆಯ ಬಸ್ಸು ನಿಲ್ದಾಣದವರೆಗೆ ಬಂದ. ದಾರಿಯಲ್ಲಿ ಆ ಬೆಂಚಿನ ಮಾತನ್ನೆತ್ತಿ, ನೆನಪಿದೆಯೇ ಎಂದು ಕೇಳಿದೆ. ಅವನು ರಸ್ತೆಯನ್ನೇ ನೋಡುತ್ತ ನಾಲ್ಕು ಹೆಜ್ಜೆ ನಡೆದ.

"ಐದರ ಬಸ್ಸು ತಪ್ಪಿದ್ರ ಮುಂದಿಂದು ಏಳಕ್ಕ ನೋಡು" ಎಂದ.