ಮಾನ್ಯಖೇಟದ ಒಂದು ಊಟ

ಪುಷ್ಪದಂತನ ಅಪಭ್ರಂಶ ‘ಮಹಾಪುರಾಣ’ದ ಪೀಠಿಕೆಯನ್ನು ಆಶ್ರಯದಾತನ ಸ್ತುತಿಯೆಂದು ಓದುವುದುಂಟು. ನಿರಾಶ್ರಿತ ಕುಟುಂಬಗಳಿಗೆ ಅನ್ನ ಹಂಚಲು ಬಸದಿಗಳ ಟ್ರಸ್ಟುಗಳು ಮುಂದಾಗುವಾಗ ಅದನ್ನು ಆಹಾರದಾನದ ಪ್ರಸಂಗವಾಗಿಯೂ ಓದಬೇಕೆಂದು ನನ್ನ ಅಭಿಪ್ರಾಯ. ಅದು ನಡೆದ ಮಾನ್ಯಖೇಟವೆಂದರೆ ಕುಸನೂರಿನಿಂದ ಸುಮಾರು ಒಂದು ತಾಸಿನ ದಾರಿಯಾದ ಇಂದಿನ ಮಳಖೇಡ.

ಅವಮಾನಿತನಾಗಿ, ದಾರಿ ನಡೆದು ಬಳಲಿದ ಕವಿ ನಗರದ ಹೊರಗಿನ ತೋಪಿನಲ್ಲಿ ತಂಗಿದ್ದಾನೆ. ಊರೊಳಗೆ ಏಕೆ ಬರಬಾರದೆಂದು ಇಬ್ಬರು ಕೇಳುತ್ತಾರೆ. ದುರ್ಜನರ ಗಂಟಿಕ್ಕಿದ ಹುಬ್ಬು ನೋಡುವುದಕ್ಕಿಂತ ಕಾಡಿನಲ್ಲಿ ಸಿಕ್ಕಿದ್ದನ್ನು ತಿಂದಿರುವುದು ಲೇಸೆಂಬುದು ಅವನ ಉತ್ತರದ ಸಾರ. ಹಸಿದವನ ಮಾತು ಇದು! ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ಭರತ ಅವನನ್ನು ಮನೆಗೆ ಬರಮಾಡಿಕೊಂಡು, ಸ್ನಾನ ಮಾಡಿಸಿ, ಉಡಿಸಿ, ಉಣಿಸುತ್ತಾನೆ. ಕಾವ್ಯ ಬರೆಯೆಂಬ ಕೋರಿಕೆ ಬರುವುದು ಕೆಲವು ದಿನ ಕಳೆದ ಮೇಲೆ. 959ರಲ್ಲಿ ತೊಡಗಿದ ಕೃತಿ 965ರಲ್ಲಿ ಮುಗಿಯಿತು. 972ರಲ್ಲಿ ಮಾಳವದ ಸೀಯಕ ಆ ನಗರವನ್ನೇ ಸೂರೆಗೊಂಡಾಗ, ಇನ್ನು ತನಗೆಲ್ಲಿ ನೆಲೆಯೆಂದು ಕವಿ ಮತ್ತೆ ಮರುಗಬೇಕಾಯಿತು.

ಪುಷ್ಪದಂತ ಮುನಿಯಲ್ಲ; ಶೈವ ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಜಿನಧರ್ಮಕ್ಕೆ ಬಂದವನು. ಅತಿಥಿ ಸಂವಿಭಾಗ ವ್ರತದ ಅತಿಥಿ ಮುಖ್ಯವಾಗಿ ಮುನಿಯೇ ಎಂಬುದು ನಿಜ. ಆದರೆ ಪಾತ್ರಭೇದದ ಲೆಕ್ಕ ಹಿಡಿದು ಭರತನು ಅವನನ್ನು ಬಾಗಿಲ ಹೊರಗೆ ನಿಲ್ಲಿಸಲಿಲ್ಲ. ಸಂವಿಭಾಗವೆಂದರೆ ತನ್ನದರಲ್ಲಿ ಸರಿಯಾದ ಭಾಗ ಕೊಡುವುದು, ಉಳಿದುದನ್ನು ಬಡಿಸುವುದಲ್ಲ.

ನಮ್ಮಲ್ಲಿ ಕೆಲವೆಡೆ ನಡೆಯುವುದು ಬೇರೆ. ದಾನಿಗಳ ಹೆಸರಿನ ಫಲಕದ ಕೆಳಗೆ ತಾಯಂದಿರನ್ನು ತಟ್ಟೆ ಹಿಡಿಸಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಕವಿ ಹೆದರಿದ್ದ ಗಂಟುಹುಬ್ಬಿಗಿಂತ ಈ ನಗುಮುಖದ ಫೋಟೋ ಕಡಿಮೆ ಕ್ರೂರವೆಂದು ನನಗೆ ತೋರುವುದಿಲ್ಲ. ಅಹಿಂಸೆಯ ಅಡುಗೆ ನಮ್ಮ ನಿಯಮ, ಅದನ್ನು ಬಿಡಬೇಕಿಲ್ಲ. ಹಾಗೆಂದು ಉಣ್ಣುವವರ ಮನೆಯ ಒಲೆಯನ್ನು ವಿಚಾರಿಸುವ ಅಧಿಕಾರವೂ ನಮಗೆ ಬರುವುದಿಲ್ಲ.

ಪೂರ್ವ ಬಂಗಾಳದಿಂದ ಬಂದು ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿ ನೆಲೆಸಿದವರೂ, 1960ರಿಂದ ಬೈಲಕುಪ್ಪೆಗೆ ಬಂದ ಟಿಬೆಟಿನವರೂ ಕಾಲೂರಿ ನಿಂತದ್ದು ಭೂಮಿ ದೊರೆತು ದುಡಿದದ್ದರಿಂದ. ಪಡಿಯಕ್ಕಿ ಮೊದಲ ದಿನಗಳನ್ನು ದಾಟಿಸುತ್ತದೆ, ಅಷ್ಟೆ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಆ ಬಂಗಾಳಿಗಳು ಭತ್ತ ಬೆಳೆದರು. ನಮ್ಮ ಪೂಜೆಯ ದಿನದ ಊಟದ ಅಕ್ಕಿ ಅವರ ಗದ್ದೆಯದೇ ಆಗಿದ್ದರೂ ಆಶ್ಚರ್ಯವಿಲ್ಲ.

ಟ್ರಸ್ಟುಗಳು ಸಾಲು ನಿಲ್ಲಿಸುವುದನ್ನು ಬಿಟ್ಟು ತಿಂಗಳ ದಿನಸಿಯನ್ನು ಮನೆಗೇ ತಲುಪಿಸಲಿ. ಅಡುಗೆಯನ್ನು ಆ ಮನೆಯವರೇ ಮಾಡಿಕೊಳ್ಳಲಿ. ಫಲಕಕ್ಕೆ ತೆಗೆದಿಟ್ಟ ಹಣ ಹೊಲಿಗೆ ಯಂತ್ರಕ್ಕೋ ಮಕ್ಕಳ ಶಾಲೆಯ ಶುಲ್ಕಕ್ಕೋ ಹೋಗಲಿ.