ಆಯಿಲ್ ಇಳಿಯುವ ದಾರಿ

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳು ಸಾವಿರಾರು ಮಂದಿ. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳ ಕೈಯಿಂದಲೇ ಆಗಿರಬೇಕು ಎಂಬ ‘51 ಪರ್ಸೆಂಟ್’ ನಿಯಮ ಪಾಲಿಸಿದರೆ ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ ಆ ವಿಮಾನಕ್ಕೆ ‘ಎಕ್ಸ್‌ಪೆರಿಮೆಂಟಲ್’ ಎಂಬ ಹಣೆಪಟ್ಟಿ ಹಚ್ಚಿ ಹಾರಲು ಬಿಡುತ್ತದೆ. ಯಾವ ಎಂಜಿನ್ ಕೂರಿಸಬೇಕು ಎಂಬುದು ಕಟ್ಟುವವರ ಮರ್ಜಿ. ಈ ಸ್ವಾತಂತ್ರ್ಯವನ್ನು ಪೂರಾ ಬಳಸಿಕೊಂಡ ಒಂದು ಸಣ್ಣ ಪಂಗಡವಿದೆ. ಅವರು ಮಜ್ದಾ ಆರ್‌ಎಕ್ಸ್-7 ಕಾರಿನ 13ಬಿ ರೋಟರಿ ಎಂಜಿನ್ ಬಿಚ್ಚಿ ತಂದು, ಆರ್‌ವಿ ಮಾದರಿಯ ಪುಟ್ಟ ವಿಮಾನಗಳ ಮೂತಿಗೆ ಬಿಗಿದು ಹಾರಿಸುತ್ತಾರೆ.

ಇವರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಆರು ಸಾವಿರ ಆರ್‌ಪಿಎಂನಲ್ಲಿ ತಿರುಗುವ ಎಂಜಿನ್ನಿನ ವೇಗವನ್ನು ಪ್ರೊಪೆಲ್ಲರ್ ತಾಳುವ ಮಟ್ಟಕ್ಕೆ ಇಳಿಸುವ ಗೇರ್‌ಬಾಕ್ಸು, ರೇಡಿಯೇಟರಿಗೆ ಗಾಳಿ ತರುವ ಡಕ್ಟು, ಇಂಧನದ ಕಂಪ್ಯೂಟರು, ಹೀಗೆ ಒಂದೊಂದಕ್ಕೂ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಟರ್ಬೊಚಾರ್ಜರ್ ಸೇರಿಸುವವರು ಅದರ ಗಾತ್ರ, ವೇಸ್ಟ್‌ಗೇಟು, ಇಂಟರ್‌ಕೂಲರು ಎಂದು ಇನ್ನಷ್ಟು ಲೆಕ್ಕ ಹಾಕುತ್ತಾರೆ. ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ಡ್ರೈನ್ ಕೊಳವೆಯ ಸರದಿ ಬರುವುದು ಮಾತ್ರ ಎಲ್ಲ ಮುಗಿದ ಮೇಲೆ. ಉಳಿದ ಸಂದಿಯಲ್ಲಿ ಯಾವ ಹೋಸ್ ತೂರುತ್ತದೋ ಅದೇ ಡ್ರೈನು. ನನ್ನ ತಕರಾರು ಈ ಸರದಿಯ ಬಗ್ಗೆ. ರೋಟರಿ ವಿಮಾನದಲ್ಲಿ ಟರ್ಬೊ ಎಲ್ಲಿ ಕೂರಬೇಕು, ಎಂಜಿನ್ ಯಾವ ಮಗ್ಗುಲಲ್ಲಿ ಮಲಗಬೇಕು ಎಂಬುದನ್ನೆಲ್ಲ ನಿರ್ಧರಿಸಬೇಕಾದದ್ದು ಈ ಡ್ರೈನೇ.

ರೋಟರಿ ಎಂದಾಗ ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ಗಿರಗಿರ ತಿರುಗುತ್ತಿದ್ದ ಎಂಜಿನ್ ನೆನಪಾದರೆ ಅದು ಬೇರೆ. ಇದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ಹೆಸರಿನದು. ಮಜ್ದಾ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರಿನೊಂದಿಗೆ ಇದನ್ನು ರಸ್ತೆಗಿಳಿಸಿತು. 13ಬಿಯಲ್ಲಿ ತಲಾ 654 ಸಿಸಿಯ ಎರಡು ಕೋಣೆ, ಒಳಗೆ ತ್ರಿಕೋನದ ಎರಡು ರೋಟರು. ವಾಲ್ವಿಲ್ಲ, ಕನೆಕ್ಟಿಂಗ್ ರಾಡ್ ಇಲ್ಲ, ತುಂಡಾಗಿ ಹಾರಿಹೋಗಬಲ್ಲ ಭಾಗಗಳು ತೀರ ಕಡಿಮೆ. ಹಗುರವಾಗಿದ್ದು ದೀರ್ಘಕಾಲ ಪೂರ್ಣ ಶಕ್ತಿಯಲ್ಲಿ ಓಡುವ ಈ ಗುಣ ಹಾರುವ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹಮದ್‌ನಗರದ ವಿಆರ್‌ಡಿಇ ಎಂಬ ಸರ್ಕಾರಿ ಸಂಸ್ಥೆಗಳು ಸೇರಿ ರೂಪಿಸಿದ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ 2009ರ ಏಪ್ರಿಲ್‌ನಲ್ಲಿ ಕೋಲಾರದ ಹತ್ತಿರ ‘ನಿಶಾಂತ್’ ಡ್ರೋನನ್ನು ಹಾರಿಸಿದ್ದೂ ಇದೇ ಕಾರಣಕ್ಕೆ.

ಟರ್ಬೊ ಯಾಕೆ ಬೇಕು ಎಂಬುದಕ್ಕೆ ಹೆಚ್ಚು ವಿವರಣೆ ಬೇಡ. 18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, ಎಂಜಿನ್ನಿನ ಉಸಿರೂ ಅಷ್ಟೇ ಕುಗ್ಗುತ್ತದೆ. ಆ ಕೊರತೆಯನ್ನು ಟರ್ಬೊ ತುಂಬುತ್ತದೆ. ಜೊತೆಗೆ, ರೋಟರಿಯ ಕಿವಿಗಡಚಿಕ್ಕುವ ಎಕ್ಸಾಸ್ಟ್ ಸದ್ದನ್ನು ಟರ್ಬೊ ಒಂದಷ್ಟು ನುಂಗುತ್ತದೆ. ಪಕ್ಕದ ಮನೆಯವರ ಸಲುವಾಗಿಯಾದರೂ ಇದು ಸಣ್ಣ ಲಾಭವಲ್ಲ.

ಈಗ ಟರ್ಬೊದ ಹೊಟ್ಟೆಯೊಳಗೆ ಇಣುಕೋಣ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವ ಅದರ ಶಾಫ್ಟು ತೇಲುವುದು ಆಯಿಲ್ ಪದರದ ಮೇಲೆ. ಬೆರಳಿಗಿಂತ ಸಣ್ಣ ಕೊಳವೆಯಲ್ಲಿ ಒತ್ತಡದಿಂದ ನುಗ್ಗುವ ಆಯಿಲ್ ಬೇರಿಂಗ್ ದಾಟುವಷ್ಟರಲ್ಲಿ ಒತ್ತಡ ಕಳೆದುಕೊಂಡು, ಗಾಳಿ ಬೆರೆತು ನೊರೆಯಾಗಿ ಕೆಳಗೆ ಬೀಳುತ್ತದೆ. ಅದನ್ನು ಆಚೆ ನೂಕುವ ಶಕ್ತಿ ಟರ್ಬೊದಲ್ಲಿಲ್ಲ, ಗುರುತ್ವವೊಂದೇ ಗತಿ. ಒಳಬರುವ ಕೊಳವೆ ಸಣ್ಣದಿದ್ದರೂ ಹೊರಹೋಗುವುದು ಹದಿನೈದು ಹದಿನಾರು ಮಿ.ಮೀ. ಅಗಲವಿರಬೇಕು, ಆದಷ್ಟೂ ನೆಟ್ಟಗೆ ಇಳಿಯಬೇಕು, ಮೆಕ್ಯಾನಿಕ್‌ಗಳು ಚೇಂಬರ್ ಎನ್ನುವ ಸಂಪಿನ ಆಯಿಲ್ ಮಟ್ಟಕ್ಕಿಂತ ಮೇಲೆ ಬಾಯಿ ತೆರೆಯಬೇಕು ಎನ್ನುವುದು ಅದಕ್ಕೇ. ಶಾಫ್ಟಿನ ಎರಡು ತುದಿಯಲ್ಲಿರುವ ಸೀಲುಗಳು ನಾವಂದುಕೊಳ್ಳುವಂಥ ರಬ್ಬರ್ ಸೀಲುಗಳಲ್ಲ. ಅವು ಪಿಸ್ಟನ್ ರಿಂಗಿನಂಥ ಲೋಹದ ಉಂಗುರಗಳು. ಬಿಸಿ ಗಾಳಿ ಒಳಗೆ ನುಗ್ಗದಂತೆ ತಡೆಯಬಲ್ಲವೇ ಹೊರತು, ಕಟ್ಟಿ ನಿಂತ ಆಯಿಲನ್ನು ಹಿಡಿದಿಡಲಾರವು. ಡ್ರೈನ್ ಕಟ್ಟಿಕೊಂಡ ಕ್ಷಣವೇ ಆಯಿಲ್ ಒಂದು ಕಡೆ ಎಕ್ಸಾಸ್ಟ್ ತಿರುಗಿಸುವ ಟರ್ಬೈನಿಗೆ, ಇನ್ನೊಂದು ಕಡೆ ಗಾಳಿ ಒತ್ತುವ ಕಂಪ್ರೆಸರಿಗೆ ನುಸುಳುತ್ತದೆ.

ಆಗ ಕಾಣುವ ನೀಲಿ ಹೊಗೆ ನೋಡಿ ‘ಸೀಲ್ ಹೋಗಿದೆ’ ಎಂದು ಹೊಸ ಟರ್ಬೊ ತರುವವರುಂಟು. ಅದೂ ಹೊಗೆ ಬಿಡುತ್ತದೆ. ಇನ್ನು ಕೆಲವರು ಒಳಬರುವ ಆಯಿಲಿಗೇ ಸಣ್ಣ ತೂತಿನ ರೆಸ್ಟ್ರಿಕ್ಟರ್ ಹಾಕಿ ಹೊಗೆ ನಿಲ್ಲಿಸುತ್ತಾರೆ. ಬಾಲ್ ಬೇರಿಂಗ್ ಟರ್ಬೊಗೆ ಅದು ತಯಾರಕರೇ ಹೇಳುವ ಏರ್ಪಾಡು, ಸರಿ. ಸಾದಾ ಬೇರಿಂಗಿನ ಟರ್ಬೊಗೆ ಡ್ರೈನಿನ ದೋಷ ಮುಚ್ಚಲು ಅದನ್ನು ಹಾಕುವುದೆಂದರೆ, ಬಚ್ಚಲು ಕಟ್ಟಿದೆಯೆಂದು ನಲ್ಲಿ ಸಣ್ಣ ಮಾಡಿ ಸ್ನಾನ ಮುಗಿಸಿದ ಹಾಗೆ. ಇಲ್ಲಿ ನೀರು ಸಾಲದೆ ಸಾಯುವುದು ಬೇರಿಂಗು.

ಕಾರಿನಲ್ಲಿ ಇದೆಲ್ಲ ಹೇಗೋ ನಡೆದುಹೋಗುತ್ತದೆ, ರಸ್ತೆ ಬಹುಪಾಲು ಸಮತಟ್ಟು. ವಿಮಾನದ ಪಾಡು ಬೇರೆ. 40 ಸೆಂ.ಮೀ. ಉದ್ದದ ಡ್ರೈನ್ ಹೋಸ್ ಪ್ರೊಪೆಲ್ಲರ್ ಕಡೆಗೆ 5 ಡಿಗ್ರಿ ಇಳಿಜಾರಿನಲ್ಲಿದೆ ಎಂದುಕೊಳ್ಳಿ. ಹ್ಯಾಂಗರಿನಲ್ಲಿ ನಿಂತಾಗ ಅದರ ಇಳಿತ ಮೂರೂವರೆ ಸೆಂ.ಮೀ., ನೋಡಲು ಅಚ್ಚುಕಟ್ಟು. ಟೇಕಾಫ್ ಆಗಿ ವಿಮಾನ 12 ಡಿಗ್ರಿ ಮೂತಿ ಎತ್ತಿದರೆ ಅದೇ ಹೋಸು ಹೆಚ್ಚುಕಡಿಮೆ 5 ಸೆಂ.ಮೀ. ಏರುಮುಖವಾಗುತ್ತದೆ. ಅಂದರೆ ಟರ್ಬೊ ಅತಿ ಹೆಚ್ಚು ದುಡಿಯುವ ಹೊತ್ತಿನಲ್ಲೇ, ನಿಮಿಷಗಟ್ಟಲೆ, ಆಯಿಲ್ ಹತ್ತಬೇಕಾದ ದಿಣ್ಣೆ ಎದುರಾಗುತ್ತದೆ. ತಿರುವಿನಲ್ಲಿ ವಿಮಾನ ವಾಲಿದಾಗ ತೊಂದರೆ ಬರುತ್ತದೆ ಎಂಬುದು ಹಲವರ ಅಂದಾಜು. ಸಮತೋಲದ ತಿರುವಿನಲ್ಲಿ ಭಾರವೆಲ್ಲ ನೆಲಹಾಸಿನ ಕಡೆಗೇ ಬೀಳುವುದರಿಂದ ಹೋಸಿಗೆ ಅದು ಗೊತ್ತೂ ಆಗುವುದಿಲ್ಲ. ಕಾಡುವುದು ಏರುವಾಗಿನ ಮೂತಿ.

ಮಜ್ದಾ ಎಂಜಿನ್ನಿಗೆ ಇನ್ನೊಂದು ತಿರುವುಮುರುವೂ ಇದೆ. ಕಾರಿನಲ್ಲಿ ಗೇರ್‌ಬಾಕ್ಸ್ ಇದ್ದ ಹಿಂತುದಿಗೆ ಈಗ ಪ್ರೊಪೆಲ್ಲರಿನ ಗೇರು ಕೂರುತ್ತದೆ, ಆದ್ದರಿಂದ ಎಂಜಿನ್ ಹಿಂದುಮುಂದಾಗಿ ನಿಲ್ಲುತ್ತದೆ. ಸಂಪಿನಲ್ಲಿ, ಏರುವಾಗ ಆಯಿಲ್ ಸರಿದು ಸೇರುವುದು ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಫೈರ್‌ವಾಲ್ ಕಡೆಗೆ. ಸಂಪಿನ ನಡುವಿನಿಂದ 20 ಸೆಂ.ಮೀ. ಹಿಂದೆ, 12 ಡಿಗ್ರಿ ಓರೆಯಲ್ಲಿ, ಮಟ್ಟ ನಾಲ್ಕು ಸೆಂ.ಮೀ.ಗೂ ಹೆಚ್ಚು ಏರುತ್ತದೆ. ಅಲ್ಲಿ ತೂತು ಕೊರೆದು ಡ್ರೈನಿನ ಬಾಯಿ ಬೆಸುಗೆ ಹಾಕಿದ್ದರೆ ಅದು ಮುಳುಗಿತೆಂದೇ ಲೆಕ್ಕ. ಮುಂದೆ ಕೊಟ್ಟರೆ ಹೋಸು ಏರುಮುಖ, ಹಿಂದೆ ಕೊಟ್ಟರೆ ಬಾಯಿ ಮುಳುಗಡೆ. ಎರಡರಿಂದಲೂ ಪಾರಾಗಲು ಉಳಿಯುವ ದಾರಿ ಟರ್ಬೊವನ್ನು ಎತ್ತರಿಸಿ, ಡ್ರೈನನ್ನು ನೆಟ್ಟಗೆ ಸಂಪಿನ ನಡುಭಾಗಕ್ಕೆ ಇಳಿಸುವುದೊಂದೇ. 13ಬಿಯ ಎಕ್ಸಾಸ್ಟ್ ಪೋರ್ಟುಗಳು ಪಕ್ಕದಲ್ಲಿ, ತಗ್ಗಿನಲ್ಲಿವೆ. ಅವುಗಳಿಂದ ಮೇಲಕ್ಕೆ ಬಾಗುವ ಮ್ಯಾನಿಫೋಲ್ಡ್ ಮಾಡಬೇಕು, ಎಂಜಿನ್ ಮುಚ್ಚುವ ಕೌಲಿಂಗ್ ಅಗಲಿಸಬೇಕು. ಅಂದ ಕೆಡುತ್ತದೆ. ಕೆಡಲಿ.

ಸ್ಪಾರ್ಕ್ ಪ್ಲಗ್ ಮೇಲಕ್ಕೆ ಬರುವಂತೆ ಎಂಜಿನ್ನನ್ನೇ ಮಗ್ಗುಲಿಗೆ ಮಲಗಿಸುವವರದು ಇನ್ನೊಂದು ಪಂಥ. ಕೌಲಿಂಗ್ ತೆಳ್ಳಗಾಗುತ್ತದೆ, ಪ್ಲಗ್ ಬದಲಿಸುವುದು ಸಲೀಸು. ಆದರೆ ಎಕ್ಸಾಸ್ಟ್ ಪೋರ್ಟು ತಳಕ್ಕೆ ಬಂದು ಟರ್ಬೊ ಎಲ್ಲಕ್ಕಿಂತ ಕೆಳಗೆ ನೇತಾಡುತ್ತದೆ. ಅಲ್ಲಿಂದ ಗುರುತ್ವದ ಮಾತೇ ಇಲ್ಲ, ಆಯಿಲನ್ನು ಎಳೆದೊಯ್ಯುವ ಸ್ಕ್ಯಾವೆಂಜ್ ಪಂಪ್ ಬೇಕೇ ಬೇಕು. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ರೋಟ್ಯಾಕ್ಸ್ 914 ಎಂಬ ವಿಮಾನ ಎಂಜಿನ್ನಿನಲ್ಲಿ ಟರ್ಬೊ ಕೆಳಗೇ ಇದೆ. ಅದರಡಿ ಒಂದು ಪುಟ್ಟ ಸ್ಟೀಲ್ ಬಟ್ಟಲು, ಬಟ್ಟಲಿನಿಂದ ಆಯಿಲನ್ನು ಎಂಜಿನ್ನೇ ತಿರುಗಿಸುವ ಪಂಪು ಹೀರಿ ಟ್ಯಾಂಕಿಗೆ ಕಳಿಸುತ್ತದೆ. ಈ ಪದ್ಧತಿಯನ್ನು ಮಾದರಿಯಾಗಿ ಒಪ್ಪಲು ನನಗೆ ಯಾವ ಅಡ್ಡಿಯೂ ಕಾಣದು. ನೊರೆ ಜಾಗ ಜಾಸ್ತಿ ತಿನ್ನುವುದರಿಂದ ಪಂಪು ಒಳಬರುವ ಆಯಿಲಿಗಿಂತ ಎಷ್ಟೋ ಹೆಚ್ಚು ಎಳೆಯುವಂತಿರಬೇಕು. ಎಂಜಿನ್ ನಿಂತಾಗ ಮೇಲಿನ ಆಯಿಲ್ ಜಿನುಗಿ ಟರ್ಬೊ ತುಂಬದಂತೆ ಒಳಗಂಡಿಯಲ್ಲಿ ಚೆಕ್ ವಾಲ್ವ್ ಇರಬೇಕು. ಇಲ್ಲದಿದ್ದರೆ ಪ್ರತಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹ್ಯಾಂಗರ್ ತುಂಬ ಹೊಗೆ.

ಸುಲಭವೆಂದು ಬಹಳ ಜನ ಆರಿಸುವ ಕರೆಂಟಿನ ಪಂಪನ್ನು ಮಾತ್ರ ನಾನು ಮೆಚ್ಚಲಾರೆ. ಫ್ಯೂಸ್ ಹೋದರೆ ಅದು ಸದ್ದಿಲ್ಲದೆ ನಿಲ್ಲುತ್ತದೆ, ಎಂಜಿನ್ ಏನೂ ಆಗಿಲ್ಲದಂತೆ ಓಡುತ್ತಿರುತ್ತದೆ. ಆಯಿಲ್ ಪ್ರೆಶರ್ ಮುಳ್ಳು ಕೂಡ ಸಂಪಿನಲ್ಲಿ ಆಯಿಲ್ ಇರುವ ತನಕ ಸರಿಯಾಗೇ ನಿಂತಿರುತ್ತದೆ. ಅಷ್ಟರಲ್ಲಿ ಸುಮಾರು ಐದು ಲೀಟರಿನ ದಾಸ್ತಾನು ಟರ್ಬೈನಿನ ಮೂಲಕ ಆಚೆ ಹೋಗುತ್ತಿರುತ್ತದೆ. ಅದನ್ನೇ ಹಾಕುವುದಾದರೆ ಬಟ್ಟಲಿನಲ್ಲಿ ಮಟ್ಟ ಏರಿದೊಡನೆ ಹೊತ್ತುವ ಕೆಂಪು ದೀಪವನ್ನೂ ಹಾಕಬೇಕು.

ರೋಟರಿಯಲ್ಲಿ ಈ ನಷ್ಟ ಅಡಗಿಕೊಳ್ಳುವ ಪರಿ ಇನ್ನೂ ಕೆಟ್ಟದ್ದು. ರೋಟರಿನ ಸೀಲುಗಳಿಗೆ ಜಾರಿಕೆ ಬೇಕೆಂದು ಮಜ್ದಾ ಒಂದು ಪುಟ್ಟ ಪಂಪಿನಿಂದ ಒಂದಿಷ್ಟು ಆಯಿಲನ್ನು ತಾನಾಗಿಯೇ ಉರಿಯುವ ಕೋಣೆಗೆ ಬಿಡುತ್ತದೆ. ಹಾಗಾಗಿ ಆಯಿಲ್ ಕಮ್ಮಿಯಾದರೆ ‘ರೋಟರಿ ಅಲ್ಲವಾ, ಕುಡಿಯುತ್ತೆ’ ಎಂಬ ಸಿದ್ಧ ಸಮಾಧಾನ ಬಾಯಲ್ಲೇ ಇರುತ್ತದೆ. ಆ ಪಂಪನ್ನು ಮುಚ್ಚಿ ಪೆಟ್ರೋಲಿಗೇ ಟೂ-ಸ್ಟ್ರೋಕ್ ಆಯಿಲ್ ಬೆರೆಸುವ ಹವ್ಯಾಸಿಗಳ ಪದ್ಧತಿಗೆ ಈ ಒಂದು ಕಾರಣಕ್ಕೇ ನನ್ನ ಓಟು: ಆಮೇಲೆ ಡಿಪ್‌ಸ್ಟಿಕ್ಕಿನಲ್ಲಿ ಇಳಿದದ್ದಕ್ಕೆಲ್ಲ ಬೇರೆ ಲೆಕ್ಕ ಕೇಳಬಹುದು.

ಹೋಸಿನ ವಿಚಾರದಲ್ಲಿ ರಾಜಿಯೇ ಕೂಡದು. ರೋಟರಿಯ ಎಕ್ಸಾಸ್ಟ್ 900 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು, ಟರ್ಬೈನಿನ ಕವಚ ಕೆಂಪಗೆ ಕಾಯುತ್ತದೆ. ಅದರ ಗೇಣು ದೂರದಲ್ಲಿ ರಬ್ಬರ್ ಹೋಸು, ಕ್ಲಿಪ್ಪು ಹಾಕಿ ಬಿಡುವುದು ಬೆಂಕಿಗೆ ಕೊಟ್ಟ ಆಹ್ವಾನ. ಸ್ಟೇನ್‌ಲೆಸ್ ಕೊಳವೆ, ಅಲುಗಾಟಕ್ಕೆ ಒಂದು ಚಿಕ್ಕ ಮೆದು ಜೋಡಣೆ, ಮೇಲೆ ಫೈರ್‌ಸ್ಲೀವ್ ಇಷ್ಟು ಕನಿಷ್ಠ. ಸಂಪಿನ ಬ್ರೀದರ್ ಕೊಳವೆಯನ್ನೂ ಇದೇ ಕೆಲಸದ ಭಾಗವೆಂದು ಎಣಿಸಬೇಕು. ಸೀಲು ದಾಟಿ ಬರುವ ಅನಿಲದಿಂದ ಎಂಜಿನ್ನಿನ ಒಡಲಲ್ಲಿ ಒತ್ತಡ ಕಟ್ಟಿದರೆ, ಎಷ್ಟೇ ಚಂದದ ಡ್ರೈನಾದರೂ ಅದಕ್ಕೆದುರಾಗಿ ಇಳಿಯಲಾರದು. ಚಳಿಯಲ್ಲಿ ಬ್ರೀದರಿನ ತುದಿ ಮಂಜುಗಟ್ಟಿ ಮುಚ್ಚಿದರೂ ಫಲ ಅದೇ.

ಪ್ರಮಾಣಪತ್ರವಿಲ್ಲದ ಇಂಥ ಎಂಜಿನ್-ಪ್ರೊಪೆಲ್ಲರ್ ಜೋಡಿಗೆ ಎಫ್‌ಎಎ ಸಾಮಾನ್ಯವಾಗಿ 40 ಗಂಟೆಯ ಪರೀಕ್ಷಾ ಹಾರಾಟ ವಿಧಿಸುತ್ತದೆ. ಡ್ರೈನಿನ ಪರೀಕ್ಷೆ ಅದಕ್ಕೂ ಮೊದಲು ನೆಲದಲ್ಲೇ ಆಗಬೇಕು. ಇಲ್ಲಿ ಆರ್‌ವಿ-4, ಆರ್‌ವಿ-8ರಂಥ ಬಾಲಗಾಲಿಯ ವಿಮಾನದವರು ಅದೃಷ್ಟವಂತರು. ಅವರ ವಿಮಾನ ನಿಲ್ಲುವುದೇ ಮೂತಿ ಎತ್ತಿಕೊಂಡು, ಬಾಲ ಕಟ್ಟಿ ಪೂರ್ಣ ಥ್ರಾಟಲ್ ಕೊಟ್ಟರೆ ಏರುವಾಗಿನ ಸ್ಥಿತಿ ತಾನಾಗಿ ಸಿಗುತ್ತದೆ. ಮೂಗುಗಾಲಿಯವರ ವಿಮಾನ ಸಮತಟ್ಟಾಗಿ ನಿಲ್ಲುತ್ತದೆ, ಅವರ ನೆಲದ ಓಟ ಎಷ್ಟು ಹೊತ್ತು ನಡೆದರೂ ಡ್ರೈನಿನ ಬಗ್ಗೆ ಹೇಳುವುದು ಅತ್ಯಲ್ಪ. ಅಂಥವರು ಮುಂದಿನ ಗಾಲಿಯನ್ನು ದಿಮ್ಮಿಯ ಮೇಲೇರಿಸಿ, ವಿಮಾನವನ್ನು ಭದ್ರವಾಗಿ ಕಟ್ಟಿ, ಏರುವಷ್ಟೇ ಹೊತ್ತು ಓಡಿಸಿ, ಆಮೇಲೆ ಕಂಪ್ರೆಸರಿನ ಹೊರಗಂಡಿಯ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿ ನೋಡಬೇಕು. ಬೆರಳಿಗೆ ಆಯಿಲ್ ಹತ್ತಿದರೆ ಹಾರಾಟ ಮುಂದಕ್ಕೆ ಹಾಕಿ ಮ್ಯಾನಿಫೋಲ್ಡ್ ಕೆಲಸಕ್ಕೆ ವಾಪಸ್ ಹೋಗುವುದೇ ಸರಿ.